‘ಅನ್‌ಲಿಮಿಟೆಡ್’ ಹೋಸ್ಟಿಂಗ್ ದಸರಾಕ್ಕೇ ಯಾಕೆ ಕೈ ಕೊಡುತ್ತೆ?

ನಮಸ್ಕಾರ. ಮಡಿಕೇರಿಯಲ್ಲಿ ಹೋಮ್‌ಸ್ಟೇ ನಡೆಸುವ ವೀಕ್ಷಕರೊಬ್ಬರ ಪ್ರಶ್ನೆ ಇದು: ವರ್ಷವೆಲ್ಲ ಸರಿಯಾಗಿರುವ ವೆಬ್‌ಸೈಟ್ ದಸರಾ ಬಂದ ಕೂಡಲೇ ಯಾಕೆ ತೆರೆಯಲ್ಲ?

ಸೈಟ್‌ಗಳನ್ನು ಇಟ್ಟು ನೆಟ್‌ನಲ್ಲಿ ತೋರಿಸುವ ಕಂಪ್ಯೂಟರೇ ಸರ್ವರ್. ಒಂದು ಸರ್ವರ್, ನೂರಾರು ಸೈಟ್. ಅದೇ ಶೇರ್ಡ್ ಹೋಸ್ಟಿಂಗ್. ‘ಅನ್‌ಲಿಮಿಟೆಡ್’ ಅಂತ ಮಾರುವುದು ಸಾಮಾನ್ಯವಾಗಿ ಇದನ್ನೇ. ಇಷ್ಟು ಸಾಕು, ದುಡ್ಡಿಗೆ ಬರೋಣ.

[ಸ್ಕ್ರೀನ್ ಮೇಲೆ: 20 × 500, 300 × 99]

ಸುಮ್ನೆ ಲೆಕ್ಕಕ್ಕೆ, ಸರ್ವರ್‌ಗೆ ತಿಂಗಳಿಗೆ 10,000 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ಹೇಳಿದಷ್ಟು ಸಿಪಿಯು, ಮೆಮೊರಿಯನ್ನು ನಿಜವಾಗಿ ಎತ್ತಿಟ್ಟರೆ 20 ಗಿರಾಕಿಗಳು ಹಿಡಿಯುತ್ತಾರೆ. ತಲೆಗೆ 500 ಬಿತ್ತು. ಆದರೆ ಬಹುತೇಕ ಸೈಟ್‌ಗಳು ದಿನವಿಡೀ ನಿದ್ದೆ ಹೊಡೆಯುತ್ತವೆ. ಹಾಗಾಗಿ ಹೋಸ್ಟಿಂಗ್ ಕಂಪನಿಯವರು ಅದೇ ಸರ್ವರನ್ನು 99 ರೂಪಾಯಿಯಂತೆ 300 ಜನರಿಗೆ ಮಾರುತ್ತಾರೆ. ಕೈಗೆ 29,700. ಇದೇ ಓವರ್‌ಸೆಲಿಂಗ್. ನನ್ನ ಪ್ರಕಾರ ಇದು ಮೋಸ ಅಲ್ಲ. ಇದಿಲ್ಲದಿದ್ದರೆ ಆ ಬೆಲೆಗೆ ಸೈಟ್ ಯಾರು ಕೊಡ್ತಾರೆ?

ಈಗ ನನ್ನ ಇಷ್ಟದ ಭಾಗ. ಹೋಮ್‌ಸ್ಟೇ ಬಚ್ಚಲಲ್ಲಿ ಒಂದೇ ಹಂಡೆ, ರೂಮು ಐದು. ‘ಬಿಸಿನೀರು ಎಷ್ಟು ಬೇಕಾದರೂ ಇದೆ’ ಅಂತಾರೆ ಮನೆಯವರು. ಸುಳ್ಳಲ್ಲ. ಒಬ್ಬರು ಏಳಕ್ಕೆ, ಇನ್ನೊಬ್ಬರು ಹತ್ತಕ್ಕೆ ಸ್ನಾನಕ್ಕೆ ಹೋಗುತ್ತಾರೆ, ನಡುವೆ ಹಂಡೆ ಮತ್ತೆ ಕಾಯುತ್ತೆ. ಆದರೆ ಐದೂ ರೂಮಿನವರು ಮಾಂದಲ್‌ಪಟ್ಟಿಯ ಸೂರ್ಯೋದಯಕ್ಕೆ ಹೊರಟರೆ? ನಾಲ್ಕೂವರೆಗೆ ಜೀಪು. ನಾಲ್ಕಕ್ಕೆ ಎಲ್ಲರೂ ಬಕೆಟ್ ಹಿಡಿದು ಕ್ಯೂ. ಕೊನೆಯವರಿಗೆ ತಣ್ಣೀರು, ಅದೂ ಡಿಸೆಂಬರ್‌ನಲ್ಲಿ. ಅವರು ಹಾಕುವ ರಿವ್ಯೂ ಊಹಿಸಿಕೊಳ್ಳಿ! ಹಂಡೆ ಅಂದರೆ ಸರ್ವರ್, ರೂಮುಗಳು ಅಂದರೆ ಸೈಟ್‌ಗಳು.

ಎಲ್ಲರೂ ಒಟ್ಟಿಗೇ ಬರಲ್ಲ ಅನ್ನೋ ಇಂಥದ್ದೇ ಲೆಕ್ಕವನ್ನು 1909ರಲ್ಲೇ ಡೆನ್ಮಾರ್ಕ್‌ನ ಗಣಿತಜ್ಞ ಎರ್ಲಾಂಗ್ ಟೆಲಿಫೋನ್ ಕರೆಗಳಿಗೆ ಹಾಕಿದ್ದರು. ಷರತ್ತು ಒಂದೇ: ಒಬ್ಬರ ಕರೆಗೂ ಇನ್ನೊಬ್ಬರ ಕರೆಗೂ ಸಂಬಂಧ ಇರಬಾರದು. ಕೊಡಗಿನಲ್ಲಿ ಆ ಷರತ್ತೇ ಮುರಿಯುತ್ತೆ. ಪಕ್ಕದ ಹೋಮ್‌ಸ್ಟೇಯವರು ಹೇಳಿದರು ಅಂತ ಎಲ್ಲರೂ ಒಬ್ಬನೇ ಮಾರಾಟಗಾರನ ಹತ್ತಿರ ಹೋದರೆ, ಸರ್ವರ್ ಕೂಡ ಒಂದೇ ಆಗಿರಬಹುದು. ಆಮೇಲೆ ದಸರಾ, ತಲಕಾವೇರಿ ತೀರ್ಥೋದ್ಭವ, ಲಾಂಗ್ ವೀಕೆಂಡ್ ಬಂದರೆ ಎಲ್ಲರಿಗೂ ಒಟ್ಟಿಗೇ ರಶ್. ಅದೇ ಸರ್ವರ್‌ನಲ್ಲಿ ಕಾಲೇಜಿನಂಥ, ಬೇರೆ ಹೊತ್ತಿಗೆ ರಶ್ ಆಗುವ ಸೈಟ್‌ಗಳೂ ಬೆರೆತಿದ್ದರೆ ಇಷ್ಟು ಕಷ್ಟ ಆಗ್ತಿರಲಿಲ್ಲ.

ಟೈಮ್ ಆಯ್ತು, ಉಳಿದದ್ದು ಬೇಗ ಬೇಗ. ‘ಅನ್‌ಲಿಮಿಟೆಡ್’ ಪ್ಲ್ಯಾನಿನ ಷರತ್ತುಗಳಲ್ಲಿ ‘ಐನೋಡ್’ ಮಿತಿ ಹುಡುಕಿ. ಅದು ನೀವು ಎಷ್ಟು ಫೈಲು ಇಡಬಹುದು ಅನ್ನೋ ಎಣಿಕೆ. ಸಾಮಾನ್ಯವಾಗಿ ಇನ್‌ಬಾಕ್ಸ್‌ನ ಒಂದೊಂದು ಮೇಲ್ ಕೂಡ ಒಂದೊಂದು ಫೈಲು. ವಿಪಿಎಸ್‌ಗೆ, ಅಂದರೆ ದೊಡ್ಡ ಸರ್ವರ್‌ನಲ್ಲಿ ನಿಮಗೇ ಅಂತ ಬೇರ್ಪಡಿಸಿ ಕೊಟ್ಟ ಪಾಲಿಗೆ ಹೋದರೂ ಪೂರ್ತಿ ಪಾರಾಗಲ್ಲ. ಅಲ್ಲಿ ಲಿನಕ್ಸ್‌ನ ‘ಟಾಪ್’ (top) ಕಮಾಂಡ್ ಕೊಟ್ಟು ‘ಎಸ್‌ಟಿ’ (st) ಅಂಕಿ ನೋಡಿ. ನಿಮ್ಮ ಮೆಷಿನ್ ಕೆಲಸಕ್ಕೆ ರೆಡಿ ಇದ್ದರೂ ಸಿಪಿಯು ಸಿಗದೆ ಕಾದ ಹೊತ್ತು ಅದು. ಅಮೆಜಾನ್ ಇಂಥ ಹಂಚಿಕೆಯನ್ನು ಬಹಿರಂಗವಾಗಿಯೇ ಮಾರುತ್ತೆ: ಅದರ ಟಿ2.ಮೈಕ್ರೋ ಎಂಬ ಸಣ್ಣ ಬಾಡಿಗೆ ಮೆಷಿನ್‌ಗೆ ಗಂಟೆಗೆ 6 ಕ್ರೆಡಿಟ್, ಅಂದರೆ 6 ನಿಮಿಷ ಪೂರ್ತಿ ಸಿಪಿಯು.

ಹೋಮ್‌ಸ್ಟೇಯವರಿಗೆ ನನ್ನ ಸಲಹೆ: ಫೋಟೋ, ದರ, ಫೋನ್ ನಂಬರ್ ಇರುವ ಪುಟವನ್ನು ಸ್ಟ್ಯಾಟಿಕ್ ಮಾಡಿ, ಅಂದರೆ ಪ್ರತಿ ಸಲ ಹೊಸದಾಗಿ ತಯಾರಿಸಬೇಕಿಲ್ಲದ ಸಿದ್ಧ ಪುಟ ಮಾಡಿ, ಸಿಡಿಎನ್ ಮೇಲೆ (ಪುಟದ ಪ್ರತಿಗಳನ್ನು ಹಲವು ಊರುಗಳ ಸರ್ವರ್‌ಗಳಿಂದ ಕೊಡುವ ಜಾಲ) ಹಾಕಿಬಿಡಿ. ಬುಕಿಂಗ್ ಹೇಗೂ ವಾಟ್ಸಾಪ್‌ನಲ್ಲೇ ನಡೆಯುತ್ತೆ, ಅಲ್ವಾ?