ಹಾಡುವುದನ್ನು ಬಿಟ್ಟ ತಂಡ

ಸಂಗೀತಾಸಕ್ತರೇ,

ಪ್ರೊಗ್ರೆಸಿವ್ ರಾಕ್, ಅಂದರೆ ಉದ್ದನೆಯ ರಚನೆಗಳ, ಬದಲಾಗುವ ತಾಳಗಳ ರಾಕ್ ಸಂಗೀತ, ಎಂದೊಡನೆ ಮಾತು 1970ರ ದಶಕದ ಇಂಗ್ಲೆಂಡಿಗೆ ಹೋಗಿಬಿಡುತ್ತದೆ. ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್ ಎಂದು ಮೂರು ತಂಡಗಳ ಹೆಸರು ಹೇಳುತ್ತಾರೆ. ಆಮೇಲೆ ಪಂಕ್ ಎಂಬ ಚಿಕ್ಕ, ಒರಟು ಹಾಡುಗಳ ರಾಕ್ ಬಂತು, ಅಲ್ಲಿಗೆ ಕಥೆ ಮುಗಿಯಿತು ಎನ್ನುತ್ತಾರೆ. ಮುಗಿದ ಆ ಕಥೆಯನ್ನು 1991ರಲ್ಲಿ ಸ್ವೀಡನ್ನಿನ ಕೆಲವು ತರುಣರು ಮತ್ತೆ ಕೈಗೆತ್ತಿಕೊಂಡರು. ತಂಡದ ಹೆಸರು ಎಂಗ್ಲಗೋರ್ಡ್.

ನಾನು ಇವರನ್ನು ಹುಡುಕಿಕೊಂಡು ಹೋದವನಲ್ಲ. ಮೆಲೋಟ್ರಾನ್ ಎಂಬ ವಾದ್ಯದ ಬೆನ್ನು ಹತ್ತಿದ್ದೆ, ದಾರಿಯಲ್ಲಿ ಇವರು ಸಿಕ್ಕರು. ಆದ್ದರಿಂದ ಮೊದಲು ವಾದ್ಯದ ಮಾತು.

ಮೆಲೋಟ್ರಾನ್ 1963ರಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಯಿತು. 1970ರಲ್ಲಿ ಬಂದ ಎಂ400 ಎಂಬ ಮಾದರಿಯಲ್ಲಿ 35 ಕೀಗಳಿವೆ. ಪ್ರತಿ ಕೀಯ ಕೆಳಗೂ ಮ್ಯಾಗ್ನೆಟಿಕ್ ಟೇಪಿನ ಒಂದು ಪಟ್ಟಿ. ಅದರ ಮೇಲೆ ಪಿಟೀಲಿನದೋ ಕೊಳಲಿನದೋ ಗಾಯಕವೃಂದದ್ದೋ ಒಂದು ಸ್ವರ ಮುದ್ರಿತವಾಗಿರುತ್ತದೆ. ಕೀ ಒತ್ತಿದರೆ ಪಟ್ಟಿ ಸರಿಯುತ್ತದೆ, ಸ್ವರ ಕೇಳುತ್ತದೆ. ಸುಮಾರು ಎಂಟು ಸೆಕೆಂಡಿಗೆ ಪಟ್ಟಿಯೂ ಮುಗಿಯಿತು, ಸ್ವರವೂ ಮುಗಿಯಿತು. ಬೆರಳು ಎತ್ತಿದರೆ ಸ್ಪ್ರಿಂಗ್ ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಮ್ಮೆಗೇ ಹಲವು ಕೀಗಳನ್ನು ಒತ್ತಿದರೆ ಮೋಟಾರಿಗೆ ಭಾರವಾಗಿ ಶ್ರುತಿ ಕೊಂಚ ಅಲುಗುತ್ತದೆ. ಕಿಂಗ್ ಕ್ರಿಮ್ಸನ್ನಿನ 1969ರ ಮೊದಲ ಆಲ್ಬಂನಲ್ಲಿ ಮೈ ಜುಮ್ಮೆನ್ನಿಸುವ ಆ ತಂತಿವಾದ್ಯಗಳ ಮೋಡದಂಥ ನಾದ ಬಂದದ್ದು ಇದೇ ಪೆಟ್ಟಿಗೆಯಿಂದ. ಅದು ನಿಜವಾದ ಪಿಟೀಲಿನಂತೆ ಕೇಳುವುದಿಲ್ಲ. ಕೇಳದಿರುವುದೇ ಅದರ ಸೊಗಸು.

ಎಂಟು ಸೆಕೆಂಡಿನ ಈ ಗಡುವು ಸಣ್ಣ ವಿಷಯವಲ್ಲ. ಒಂದೇ ಸ್ವರವನ್ನು ಹಿಡಿದು ಕೂರುವಂತಿಲ್ಲ. ಪಟ್ಟಿ ಮುಗಿಯುವುದರೊಳಗೆ ಮುಂದಿನ ಸ್ವರಮೇಳಕ್ಕೆ ಹೋಗಲೇಬೇಕು, ಅಥವಾ ಬಾಸ್ ಗಿಟಾರಿಗೋ ಕೊಳಲಿಗೋ ಜಾಗ ಬಿಟ್ಟುಕೊಡಬೇಕು. ಹೀಗೆ ವಾದ್ಯದ ಮಿತಿಯೇ ಸಂಯೋಜನೆಯೊಳಗೆ ಕೈಯಾಡಿಸುತ್ತದೆ. 1980ರ ದಶಕದಲ್ಲಿ ಮುದ್ರಿಸಿದ ನಾದವನ್ನು ಟೇಪಿಲ್ಲದೆಯೇ ನುಡಿಸುವ ಡಿಜಿಟಲ್ ಸ್ಯಾಂಪ್ಲರ್‌ಗಳು ಬಂದ ಮೇಲೆ ಇಂಥ ಪೆಟ್ಟಿಗೆಗಳು ಮೂಲೆ ಸೇರಿದವು. ಎಂಗ್ಲಗೋರ್ಡ್ ಮೆಲೋಟ್ರಾನನ್ನೂ ಹ್ಯಾಮಂಡ್ ಆರ್ಗನ್ ಎಂಬ ಹಳೆಯ ವಿದ್ಯುತ್ ಆರ್ಗನ್ನನ್ನೂ ಮತ್ತೆ ನಡುಮನೆಗೆ ತಂದಿತು. ಇದನ್ನು ಹಳೆಯದರ ಮೇಲಿನ ಮೋಹ ಎಂದು ಹಲವರು ತಳ್ಳಿಹಾಕಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಆ ಮಿತಿ.

ಇದಕ್ಕೆ ಇನ್ನೊಂದು ಸಾಕ್ಷಿ ಆಲ್ಬಂಗಳ ಉದ್ದ. ಸಿ.ಡಿ.ಯಲ್ಲಿ 74 ನಿಮಿಷ ತುಂಬಬಹುದಾಗಿದ್ದ ಕಾಲದಲ್ಲಿ, 1992ರಲ್ಲಿ ಬಂದ ಇವರ ಮೊದಲ ಆಲ್ಬಂ 'ಹ್ಯೂಬ್ರಿಸ್' ಸುಮಾರು 44 ನಿಮಿಷಕ್ಕೇ ನಿಂತಿತು. ಎಲ್.ಪಿ. ತಟ್ಟೆಯ ಎರಡು ಬದಿಗಳಿಗೆ ಅಷ್ಟೇ ಹಿಡಿಸುವುದು.

ಈಗ ಹಾಡಿನ ವಿಷಯಕ್ಕೆ ಬರುತ್ತೇನೆ. 'ಹ್ಯೂಬ್ರಿಸ್'ನಲ್ಲಿರುವುದು ನಾಲ್ಕು ರಚನೆಗಳು. ಅವುಗಳಲ್ಲಿ ಮೂರರಲ್ಲಿ ಗಿಟಾರ್ ವಾದಕ ಟೂರ್ಡ್ ಲಿಂಡ್‌ಮನ್ ಸ್ವೀಡಿಷ್‌ನಲ್ಲಿ ಹಾಡುತ್ತಾರೆ. ಹಾಡು ಕೆಟ್ಟದ್ದೇನಲ್ಲ. ಆದರೆ ಗಾಯನ ಬಂದೊಡನೆ ಉಳಿದವರೆಲ್ಲ ಪಕ್ಕವಾದ್ಯದವರಾಗಿ ಹಿಂದೆ ಸರಿಯುತ್ತಾರೆ. ಅಲ್ಲಿಯವರೆಗೆ ಕಟ್ಟಿದ ಬಿಗಿ ಸಡಿಲವಾಗುತ್ತದೆ. ಹಾಡಿಲ್ಲದ ಒಂದೇ ರಚನೆ 'ಯೂರ್ಡ್‌ರೋಕ್'. ಇಡೀ ಆಲ್ಬಂನಲ್ಲಿ ಅತ್ಯಂತ ಗಟ್ಟಿಯಾದದ್ದೂ ಅದೇ. ತಂಡಕ್ಕೂ ಇದು ಹೊಳೆದಿರಬೇಕು. 1994ರ 'ಎಪಿಲೋಗ್'ನಲ್ಲಿ ಸಾಹಿತ್ಯವೇ ಇಲ್ಲ. ಅದಾದ ಮೇಲೆ ತಂಡ ಒಡೆಯಿತು. ಮತ್ತೆ ಕೂಡಿ 2012ರಲ್ಲಿ ಹೊರತಂದ 'ವಿಲ್ಯನ್ಸ್ ಓಗ' ಕೂಡ ಪೂರ್ತಿ ವಾದ್ಯಸಂಗೀತ. ಅದರ ನಾಲ್ಕು ರಚನೆಗಳಲ್ಲಿ ಒಂದೂ 12 ನಿಮಿಷಕ್ಕಿಂತ ಚಿಕ್ಕದಲ್ಲ.

ಹಾಡು ಹೋದ ಜಾಗವನ್ನು ತುಂಬಿದ್ದು ಹೆಚ್ಚಾಗಿ ಆನಾ ಹೋಲ್ಮ್‌ಗ್ರೆನ್ ಅವರ ಕೊಳಲು. ರಾಕ್ ಕೊಳಲು ಎಂದರೆ ಉಸಿರು ಬಿಗಿಹಿಡಿದು ಅಬ್ಬರಿಸುವುದು ಎಂಬ ರೂಢಿಯಿದೆ. ಇವರ ಕೊಳಲು ಹಾಗಲ್ಲ, ಸ್ವೀಡನ್ನಿನ ಜನಪದ ಧಾಟಿಯ ಕಡೆಗೆ ವಾಲಿದ್ದು, ತುಸು ಮಂಕಾದದ್ದು. ಇವರು ಇಂಗ್ಲಿಷ್ ತಂಡಗಳ ನಕಲು ಎನ್ನುವವರು ಈ ಕೊಳಲನ್ನು ಗಮನವಿಟ್ಟು ಕೇಳಿಲ್ಲ ಎಂದೇ ನನ್ನ ಅಭಿಪ್ರಾಯ. ಹಾಗೆ ನೋಡಿದರೆ ಸ್ವೀಡನ್ನಿಗೆ ಇಂಥ ಸಂಗೀತ ಹೊರಗಿನಿಂದ ಬಂದದ್ದೇನೂ ಅಲ್ಲ. ಬೂ ಹಾನ್ಸನ್ ಎಂಬ ಆರ್ಗನ್ ವಾದಕರು ಒಂದು ಇಡೀ ವಾದ್ಯಸಂಗೀತದ ಆಲ್ಬಂ ಹೊರತಂದದ್ದು 1970ರಲ್ಲೇ.

ಲಯದ ಬಗ್ಗೆ ಒಂದು ಮಾತು. ಇಂಥ ಸಂಗೀತದ ಏಳು, ಒಂಬತ್ತರ ಎಣಿಕೆಯ ತಾಳಗಳಿಗೆ ಪಾಶ್ಚಾತ್ಯ ಬರಹಗಾರರು ಬೆರಗಾಗುವುದುಂಟು. ಮಿಶ್ರಚಾಪು ಕೇಳಿದ ಕಿವಿಗೆ ಏಳೇನೂ ವಿಶೇಷವಲ್ಲ. ಆದರೆ ನಮ್ಮಲ್ಲಿ ಒಂದು ಕೃತಿಗೆ ಹಿಡಿದ ತಾಳ ಸಾಮಾನ್ಯವಾಗಿ ಕೊನೆಯವರೆಗೂ ನಿಲ್ಲುತ್ತದೆ. ಲೆಕ್ಕಾಚಾರವೆಲ್ಲ ಅದರೊಳಗೇ ನಡೆಯುತ್ತದೆ. ಇಲ್ಲಿ ತಾಳವೇ ನಡುವೆ ಬದಲಾಗುತ್ತದೆ, ಕೆಲವೊಮ್ಮೆ ಒಂದೇ ಸಾಲಿನೊಳಗೆ. ಮೊದಲ ಸಲವೇ ಎಣಿಸಲು ಹೋಗಬೇಡಿ. ಮಟಿಯಾಸ್ ಊಲ್ಸನ್ ಅವರ ಡ್ರಮ್ಮನ್ನು ಬಿಟ್ಟು ಯೂಹಾನ್ ಬ್ರಾಂಡ್ ಅವರ ಬಾಸ್ ಗಿಟಾರನ್ನು ಹಿಡಿದುಕೊಳ್ಳಿ, ದಾರಿ ತಪ್ಪುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವಲ್ಲಿ ಕೆಲವೆಡೆ ಅಂಟಿಸಿದ ಗುರುತು ಕಾಣುತ್ತದೆ. ಸೊಗಸಾದ ರಾಗವೊಂದು ಕಣ್ಣುಬಿಡುವ ಹೊತ್ತಿಗೆ ಅದನ್ನು ಕೈಬಿಟ್ಟು ಬೇರೆ ಕಡೆ ಓಡುತ್ತಾರೆ. ಮತ್ತೆ ಆ ರಾಗದ ಸುದ್ದಿಯೇ ಇಲ್ಲ. 'ಎಪಿಲೋಗ್' ಕೇಳುವಾಗಲೆಲ್ಲ ನನಗೆ ಈ ಕಾರಣಕ್ಕೆ ಸಿಟ್ಟು ಬರುತ್ತದೆ, ಆದರೂ ಮತ್ತೆ ಅದನ್ನೇ ಹಾಕುತ್ತೇನೆ.

ಇದೇ ಕಾಲದ ಆನೆಕ್‌ಡೋಟೆನ್ ಎಂಬ ಇನ್ನೊಂದು ಸ್ವೀಡಿಷ್ ತಂಡವನ್ನೂ ಕೇಳಿ. ಕಿಂಗ್ ಕ್ರಿಮ್ಸನ್ ಹಾಡುಗಳನ್ನೇ ನುಡಿಸುತ್ತಾ ಶುರುಮಾಡಿದವರು ಅವರು. ಅವರಲ್ಲೂ ಮೆಲೋಟ್ರಾನ್ ಧಾರಾಳವಾಗಿದೆ, ಆದರೆ ಗಾಯನವೂ ಇದೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ನಾನು ಗಾಯನದ ಬಗ್ಗೆ ಹೇಳಿದ್ದು ಸರಿಯೋ ಅಲ್ಲವೋ ನೀವೇ ತೀರ್ಮಾನಿಸಬಹುದು.

ಈಗ 'ಯೂರ್ಡ್‌ರೋಕ್' ಹಾಕುತ್ತೇನೆ, 11 ನಿಮಿಷದ್ದು. ಪಿಯಾನೊ ಒಂದೇ ಶುರುಮಾಡುತ್ತದೆ. ಉಳಿದವರು ಬಂದ ಮೇಲೆ ಧ್ವನಿ ಏಕಾಏಕಿ ಜೋರಾಗುತ್ತದೆ, ಅದಕ್ಕಾಗಿ ಸ್ಪೀಕರ್ ಹತ್ತಿರ ಕುಳಿತವರು ಒಂದು ಸಾಲು ಹಿಂದೆ ಬಂದರೆ ಒಳ್ಳೆಯದು. ಪ್ರಶ್ನೆಗಳನ್ನು ಆಮೇಲೆ ಕೇಳಿ.