ಆ ಮಾತು ಯಾರಿಗೆ ಹೇಳಿದ್ದು?

ನಮಸ್ಕಾರ. ಚೀನಾದ ಪ್ರಾಚೀನ ತತ್ವಜ್ಞಾನಿ ಕನ್‌ಫ್ಯೂಷಿಯಸ್ ಹೆಸರಲ್ಲಿ ಬೆಳಗಾದರೆ ವಾಟ್ಸಾಪ್‌ಗೆ ಒಂದು ಸುಭಾಷಿತ ಬಂದು ಬೀಳುತ್ತಲ್ಲ, ಇವತ್ತು ನನ್ನ ತಕರಾರು ಅದರ ಮೇಲೆ. ಎಷ್ಟೋ ಮಾತು ಆತ ಹೇಳಿದ್ದೇ ಅಲ್ಲ. ಅದು ಹೋಗಲಿ ಬಿಡಿ. ನಿಜವಾಗಿ ಹೇಳಿದ್ದನ್ನೂ ನಾವು ಹಿಂದುಮುಂದು ನೋಡದೆ ಓದುತ್ತೇವೆ.

ಆತ ತೀರಿಕೊಂಡದ್ದು ಕ್ರಿ.ಪೂ. 479ರಲ್ಲಿ. ಆಮೇಲೆ ಶಿಷ್ಯರು, ಅವರ ಶಿಷ್ಯರು ಸೇರಿಸಿಟ್ಟ ಮಾತುಗಳೇ 'ಅನಲೆಕ್ಟ್ಸ್'. ಒಟ್ಟು 20 ಅಧ್ಯಾಯ. 11ನೆಯದರಲ್ಲಿ ಒಂದು ಪ್ರಸಂಗ ಇದೆ, ಕೇಳಿ.

ಜಿಲು ಅನ್ನೋ ಶಿಷ್ಯ ಬಂದು ಕೇಳುತ್ತಾನೆ: "ಒಳ್ಳೇದು ಅಂತ ಕಿವಿಗೆ ಬಿದ್ದ ತಕ್ಷಣ ಮಾಡಿಬಿಡಬೇಕಾ, ಗುರುಗಳೇ?" ಉತ್ತರ: "ಮನೆಯಲ್ಲಿ ಅಪ್ಪ, ಅಣ್ಣಂದಿರು ಇದ್ದಾರೆ. ಅವರನ್ನು ಕೇಳದೆ ಹೇಗಯ್ಯಾ ಮಾಡ್ತೀಯ?" ಆಮೇಲೆ ಮತ್ತೊಬ್ಬ ಶಿಷ್ಯ ರಾನ್ ಯೂ ಅದೇ ಪ್ರಶ್ನೆ ಕೇಳುತ್ತಾನೆ. "ಹೂಂ, ತಕ್ಷಣ ಮಾಡು." ಎರಡನ್ನೂ ಕೇಳಿಸಿಕೊಂಡ ಇನ್ನೊಬ್ಬ ಶಿಷ್ಯನಿಗೆ ತಲೆ ಕೆಟ್ಟುಹೋಯಿತು. ಗುರು ಹೇಳಿದ್ದಿಷ್ಟು: ರಾನ್ ಯೂ ಹಿಂಜರಿಯುವವನು, ಅದಕ್ಕೇ ಮುಂದೆ ತಳ್ಳಿದೆ. ಜಿಲುಗೆ ಇಬ್ಬರಿಗಾಗುವಷ್ಟು ಹುಮ್ಮಸ್ಸು, ಅದಕ್ಕೇ ಹಿಡಿದು ನಿಲ್ಲಿಸಿದೆ.

ಈಗ ಇದರಲ್ಲಿ ಯಾವ ಸಾಲನ್ನು ಫಾರ್ವರ್ಡ್ ಮಾಡ್ತೀರಿ?

ಜಿಲುವಿನ ವಿಷಯದಲ್ಲಿ ಗುರುವಿನ ಭಯ ಸುಮ್ನೆ ಅಲ್ಲ. ಇವನು ಸಹಜವಾಗಿ ಸಾಯೋದಿಲ್ಲ ಅಂತ ಆತ ಮೊದಲೇ ಅಂದಿದ್ದ. ಹಾಗೇ ಆಯಿತು. ವೇ ರಾಜ್ಯದ ದಂಗೆಯಲ್ಲಿ, ಬೇಡ ಅಂದರೂ ನುಗ್ಗಿ, ಜಿಲು ಸತ್ತ.

ಇನ್ನು ಝೈ ಯೂ ಅನ್ನೋ ಶಿಷ್ಯ. ಹಗಲಲ್ಲೇ ನಿದ್ದೆ ಹೊಡೆಯುತ್ತಿದ್ದ. "ಕೊಳೆತ ಮರದಲ್ಲಿ ಕೆತ್ತನೆ ಮಾಡೋಕಾಗಲ್ಲ" ಅಂತ ಗುರು ಬೈದ. ಇವತ್ತು ಅದನ್ನು ದಡ್ಡ ಹುಡುಗರಿಗೆಲ್ಲ ಅನ್ವಯಿಸುವವರಿದ್ದಾರೆ. ಆದರೆ ಅದೇ ಪುಸ್ತಕ ಮಾತುಗಾರಿಕೆಯಲ್ಲಿ ಮುಂದಿದ್ದ ಶಿಷ್ಯರನ್ನು ಹೆಸರಿಸುವಾಗ ಮೊದಲು ಹೇಳುವುದು ಇದೇ ಝೈ ಯೂವನ್ನು! ಮೇಷ್ಟ್ರ ಒಂದು ದಿನದ ಸಿಟ್ಟನ್ನು ನಾವು ಸಿದ್ಧಾಂತ ಮಾಡಿಕೊಂಡಿದ್ದೇವೆ, ಅಷ್ಟೇ.

ಹಾಗಾದರೆ ಎಲ್ಲರಿಗೂ ಸಲ್ಲುವ ಮಾತೇ ಇಲ್ಲವಾ? ಇದೆ. ಜೀವನಪೂರ್ತಿ ಪಾಲಿಸೋಕೆ ಒಂದೇ ಒಂದು ಮಾತು ಹೇಳಿ ಅಂತ ಜಿಗೊಂಗ್ ಅನ್ನೋ ಶಿಷ್ಯ ಕೇಳಿದಾಗ ಸಿಕ್ಕ ಉತ್ತರ: ನಿನಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಮಾಡಬೇಡ. ತಕರಾರೇ ಇಲ್ಲ, ಅಲ್ವಾ? ಆದರೆ ಇನ್ನೊಂದು ಕಡೆ ಇದೇ ಜಿಗೊಂಗ್, "ನನಗೆ ಬೇಡವಾದದ್ದನ್ನು ನಾನು ಇನ್ನೊಬ್ಬರಿಗೆ ಮಾಡೋಕೆ ಇಷ್ಟಪಡಲ್ಲ" ಅಂತ ಹೆಮ್ಮೆಯಿಂದ ಹೇಳಿಕೊಂಡ. ಗುರು ಅಂದದ್ದು: "ಅಷ್ಟು ದೂರ ನೀನಿನ್ನೂ ಬಂದಿಲ್ಲ, ಮಾರಾಯ."