ನೈವೇದ್ಯಕ್ಕೆ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿ ಸೀಮೆಯಲ್ಲಿ ಚೌತಿ ಹತ್ತಿರ ಬಂತೆಂದರೆ ಚಕ್ಕುಲಿ ಕಂಬಳದ ಸಂಭ್ರಮ. ನೆರೆಹೊರೆಯವರೆಲ್ಲ ಒಂದು ಮನೆಯಲ್ಲಿ ಕುಳಿತು ಹಿಟ್ಟನ್ನು ಬೆರಳಲ್ಲೇ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸುತ್ತಾರೆ. ಮರುದಿನ ಇನ್ನೊಂದು ಮನೆ. ನಮ್ಮಲ್ಲಿ ಆಯಿಯದು, ಅಂದರೆ ಅಮ್ಮನದು, ಒಂದೇ ಮಾತು: ಗಣಪನಿಗೆ ನೈವೇದ್ಯ ಆಗುವವರೆಗೆ ಯಾರೂ ಬಾಯಿಗೆ ಹಾಕಬಾರದು.

ನನಗೆ ಆಗ ಎಂಟು ವರ್ಷ. ಆಯಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು, ಹೊರಗೆ ಮಳೆ ಹುಯ್ಯುತ್ತಿತ್ತು. ಅಟ್ಟ ಹತ್ತಿ ಡಬ್ಬಿಯ ಮುಚ್ಚಳ ತೆಗೆದೆ. ಎಳ್ಳಿನ ಪರಿಮಳ ಮುಖಕ್ಕೇ ಬಂತು. ಇಡಿಯ ಚಕ್ಕುಲಿ ತೆಗೆಯಲು ಧೈರ್ಯ ಬರಲಿಲ್ಲ. ಅಂಚಿನಲ್ಲೊಂದು ಮುರಿದದ್ದಿತ್ತು. ಮುರಿದದ್ದು ದೇವರಿಗೆ ಹೇಗೂ ಸಲ್ಲುವುದಿಲ್ಲ, ತಿಂದರೆ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ. ಮಳೆಯ ಸದ್ದಿನಲ್ಲಿ ಕಟುಂಕಟುಂ ಯಾರಿಗೂ ಕೇಳಿಸಲಿಲ್ಲ.

ಗೋಕರ್ಣದ ಕಥೆ ಕೇಳಿದಾಗಲೆಲ್ಲ ಆ ಅಟ್ಟ ನೆನಪಾಗುತ್ತದೆ. ಆತ್ಮಲಿಂಗವನ್ನು ನೆಲಕ್ಕಿಡಬೇಡ ಎಂದು ಶಿವ ಹೇಳಿದ್ದ. ರಾವಣ ಎಡವಿದ್ದು ಸಂಧ್ಯಾವಂದನೆಯ ಹೊತ್ತಿನಲ್ಲಿ. ತಾನಾಗಿ ನೆಲಕ್ಕಿಡುತ್ತಿಲ್ಲವಲ್ಲ, ಹುಡುಗನ ಕೈಗೆ ಕೊಡುತ್ತೇನೆ ಅಷ್ಟೇ ಎಂದುಕೊಂಡಿರಬೇಕು. ವಟುವಾಗಿ ಬಂದಿದ್ದ ಗಣಪತಿ ಮೂರು ಸಲ ಕೂಗಿ ಕೆಳಗಿಟ್ಟುಬಿಟ್ಟ. ಮುರುಡೇಶ್ವರ, ಧಾರೇಶ್ವರ, ಗುಣವಂತೆ, ಸಜ್ಜೇಶ್ವರ ಎಂದು ನಮ್ಮ ಕರಾವಳಿಯುದ್ದಕ್ಕೂ ಆ ಒಂದು ಸಂಜೆಯ ಗುರುತುಗಳಿವೆ. ನನ್ನ ಮುರಿದ ಚಕ್ಕುಲಿಯ ನ್ಯಾಯವೂ ರಾವಣನದೇ.

ಚೌತಿಯ ದಿನ ಮಂಗಳಾರತಿ ಮುಗಿದು ಎಲೆ ಹಾಕಿದರು. ಆಯಿ ಬಡಿಸುತ್ತಾ ನನ್ನ ಮುಂದೆ ನಿಂತಳು. “ತಮಾ, ಚಕ್ಕುಲಿಗೆ ಉಪ್ಪು ಸರಿಯಾಗಿದೆಯೇನೋ?”

ಎಣ್ಣೆಯ ಬಾಣಲೆಯ ಮುಂದೆ ದಿನವಿಡೀ ಬೆಂದವಳಿಗೆ ಅದರ ರುಚಿ ಇನ್ನೂ ಗೊತ್ತಿರಲಿಲ್ಲ. ನನಗೆ ನಾಲ್ಕು ದಿನದಿಂದ ಗೊತ್ತಿತ್ತು. ತಲೆ ಎತ್ತಲಾಗಲಿಲ್ಲ.

ಧರ್ಮದ ಕಟ್ಟಳೆಗಳನ್ನು ಎಷ್ಟೋ ಸಲ ನರಕದ ಹೆದರಿಕೆ ಹಾಕಿ ಮಕ್ಕಳಿಗೆ ಕಲಿಸುತ್ತೇವೆ. ಅದು ನನಗೆ ಒಪ್ಪಿಗೆಯಿಲ್ಲ. ಹೆದರಿಕೆ ಮರೆ ಸಿಗುವವರೆಗೆ ಮಾತ್ರ. ಆಯಿಯ ಪ್ರಶ್ನೆಯ ಎದುರು ನನಗೆ ಯಾವ ಮರೆಯೂ ಇರಲಿಲ್ಲ. ದೇವರ ಮಾತು ಮೀರುವುದೆಂದರೆ ಏನೆಂದು ಅಂದು ತಿಳಿಯಿತು: ಜೊತೆಯಲ್ಲೇ ಹಸಿದು ಕಾಯುತ್ತಿರುವವಳನ್ನು ಬಿಟ್ಟು ಒಬ್ಬನೇ ಉಂಡಂತೆ.

ಈಗ ಕಾರವಾರದ ನಮ್ಮ ಮನೆಗೆ ಚಕ್ಕುಲಿ ಊರಿನಿಂದ ಬಸ್ಸಿನಲ್ಲಿ ಬರುತ್ತದೆ. ಕಳೆದ ಚೌತಿಗೆ ಮಗಳು ಡಬ್ಬಿಯ ಮೇಲೆ ಕೈಯಿಟ್ಟು ಕೇಳಿದಳು, “ಅಪ್ಪಾ, ದೇವರು ನೋಡುತ್ತಿರುತ್ತಾನಾ?” ಹೌದೆಂದು ಗದರಬಹುದಿತ್ತು.

“ನಾನೂ ಇನ್ನೂ ತಿಂದಿಲ್ಲ ಪುಟ್ಟಿ” ಎಂದೆ.

ಮುಚ್ಚಳವನ್ನು ಅವಳೇ ಒತ್ತಿ ಹಾಕಿದಳು.